ಆಯುಧಪೂಜೆಗೆ ಎಣ್ಣೆ, ಯುಗಾದಿಗೆ ಸ್ನಾನ: ರಸ್ತೆಯ ಉಪ್ಪಿನಿಂದ ಕಾರನ್ನು ಉಳಿಸಿಕೊಳ್ಳುವ ಬಗೆ

ಮಿಷಿಗನ್‌ಗೆ ಬಂದ ನಾಲ್ಕನೆಯ ವರ್ಷ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯ ಎದುರು ಕಾರು ನಿಲ್ಲಿಸಲೆಂದು ಬ್ರೇಕ್ ಒತ್ತಿದೆ. ಪೆಡಲ್ ಎಂದಿನಂತೆ ಗಟ್ಟಿಯಾಗಿ ನಿಲ್ಲದೆ ಮೆತ್ತಗೆ ನೆಲದವರೆಗೂ ಇಳಿದುಹೋಯಿತು. ವೇಗ ಕಡಿಮೆ ಇತ್ತು, ಹ್ಯಾಂಡ್‌ಬ್ರೇಕ್ ಎಳೆದೆ, ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗಳು ನಿದ್ದೆ ಮಾಡುತ್ತಿದ್ದಳು. ಇಳಿದು ಬಗ್ಗಿ ನೋಡಿದರೆ ಹಿಂದಿನ ಚಕ್ರದ ಒಳಬದಿಯಿಂದ ಬ್ರೇಕ್ ಎಣ್ಣೆ ತೊಟ್ಟಿಕ್ಕುತ್ತಿತ್ತು. ಪೆನ್ಸಿಲ್‌ಗಿಂತ ಸಣ್ಣ ಉಕ್ಕಿನ ಪೈಪು ತುಕ್ಕು ತಿಂದು ತೂತಾಗಿತ್ತು. ಮೇಲಿನಿಂದ ಆ ಕಾರಿನ ಮೇಲೆ ಒಂದು ಗೀರೂ ಇರಲಿಲ್ಲ. ಪ್ರತಿ ಶನಿವಾರ ಅದನ್ನು ತೊಳೆದು ಒರೆಸುತ್ತಿದ್ದೆ. ಅದರ ಹೊಟ್ಟೆಯ ಕಡೆ ಮಾತ್ರ ಒಂದು ದಿನವೂ ನೋಡಿರಲಿಲ್ಲ.

ಅಂದಿನಿಂದ ಎಂಟು ಚಳಿಗಾಲ ಕಳೆದಿವೆ. ಈಗಿರುವ ಕಾರಿನ ಕೆಳಭಾಗ ಇನ್ನೂ ಗಟ್ಟಿಯಾಗಿದೆ. ಅದಕ್ಕಾಗಿ ನಾನು ಮಾಡಿಕೊಂಡ ವ್ಯವಸ್ಥೆಯಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಕುರಿಯ ಉಣ್ಣೆಯ ಜಿಡ್ಡು, ಪ್ಲಾಸ್ಟಿಕ್ ಪೈಪಿನ ಒಂದು ಚೌಕಟ್ಟು, ಬೆಂಗಳೂರಿನ ಮನೆಗಳಲ್ಲಿ ಕುಡಿಯುವ ನೀರು ಅಳೆಯಲು ಬಳಸುವ ಟಿಡಿಎಸ್ ಮೀಟರ್, ಇಷ್ಟೇ. ಅಮೆರಿಕದ ಮಿಷಿಗನ್, ಒಹಾಯೊ, ನ್ಯೂಯಾರ್ಕ್, ಮಿನೆಸೋಟಾ, ಕೆನಡಾದ ಒಂಟಾರಿಯೊ ಮುಂತಾದ ಕಡೆ ಹೊಸದಾಗಿ ಬಂದು ನೆಲೆಸಿ, ಮೊದಲ ಕಾರು ಕೊಂಡಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಒಣಗದ ಉಪ್ಪು

ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ. ಸುಮಾರು 40 ಕೋಟಿ ವರ್ಷಗಳ ಹಿಂದೆ ಇಲ್ಲಿ ಒಣಗಿಹೋದ ಸಮುದ್ರದ ಉಪ್ಪು ಅದು. 1910ರಲ್ಲಿ ತೆಗೆಯತೊಡಗಿದರು. ಹುರಾನ್ ಸರೋವರದ ಆಚೆ ದಡದಲ್ಲಿ, ಕೆನಡಾದ ಗೋಡ್‌ರಿಚ್ ಊರಿನ ಗಣಿ ಇನ್ನೂ ದೊಡ್ಡದು. ಅದು ಸರೋವರದ ತಳದ ಅಡಿಯಲ್ಲೇ ಹಬ್ಬಿಕೊಂಡಿದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಪ್ರಯೋಗ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 1938ರಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳು ಹೆಚ್ಚಿದಂತೆ ಈ ಪದ್ಧತಿ ಉತ್ತರದ ರಾಜ್ಯಗಳಲ್ಲೆಲ್ಲ ಹರಡಿತು. ಈಗ ಅಮೆರಿಕದ ರಸ್ತೆಗಳಿಗೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಬೀಳುತ್ತದೆ. ಅದರಿಂದ ಎಷ್ಟೋ ಜೀವ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಮಂಜುಗಡ್ಡೆಯ ಮೇಲೆ ಒಮ್ಮೆ ಕಾರು ಜಾರಿದ ಅನುಭವವಾದವರು ಉಪ್ಪಿನ ಲಾರಿಯನ್ನು ಬೈಯುವುದಿಲ್ಲ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಬೇಕು. ತುಕ್ಕು ಎಂದರೆ ಒಂದು ಬಗೆಯ ವಿದ್ಯುತ್ ಕ್ರಿಯೆ. ಲೋಹದ ಒಂದು ಜಾಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ಅದನ್ನು ಹಿಡಿಯುತ್ತದೆ. ನಡುವಿನ ನೀರು ಈ ಕೊಡುಕೊಳ್ಳುವಿಕೆಗೆ ದಾರಿ. ಬರಿಯ ನೀರು ಇಕ್ಕಟ್ಟಿನ ಕಾಲುದಾರಿಯಾದರೆ ಉಪ್ಪು ನೀರು ಹೆದ್ದಾರಿ. ಸಾಲದೆಂಬಂತೆ ಉಪ್ಪಿನಲ್ಲಿರುವ ಕ್ಲೋರೈಡ್, ಲೋಹದ ಮೇಲಿನ ತೆಳ್ಳಗಿನ ರಕ್ಷಣೆಯ ಪದರವನ್ನೂ ಒಡೆಯುತ್ತದೆ.

ಇಷ್ಟು ಹೆಚ್ಚಿನವರಿಗೆ ಗೊತ್ತು. ನನಗೆ ತಡವಾಗಿ ಹೊಳೆದದ್ದು ಬೇರೆ. ನಾನು ಕುಮಟಾ ಕಡೆಯವನು. ಗೋಕರ್ಣದ ಬಳಿಯ ಸಾಣಿಕಟ್ಟಾದ ಕಲ್ಲುಪ್ಪು ನಮ್ಮ ಮನೆಯ ಭರಣಿಯಲ್ಲಿರುತ್ತಿತ್ತು. ಆಷಾಢ ಬಂತೆಂದರೆ ಭರಣಿಯ ತಳದಲ್ಲಿ ನೀರು ನಿಲ್ಲುತ್ತಿತ್ತು. ಯಾರೂ ನೀರು ಹಾಕಿರುತ್ತಿರಲಿಲ್ಲ, ಗಾಳಿಯ ತೇವವನ್ನು ಉಪ್ಪೇ ಎಳೆದುಕೊಂಡಿರುತ್ತಿತ್ತು. ಅಜ್ಜಿ ಅದರೊಳಗೆ ಕಬ್ಬಿಣದ ಸೌಟು ಇಡಲು ಬಿಡುತ್ತಿರಲಿಲ್ಲ. ತೆಂಗಿನ ಚಿಪ್ಪಿನ ಸಟ್ಟುಗವೇ ಬೇಕು. ಕಾರಿನ ತಳದಲ್ಲಿ ನಡೆಯುವುದೂ ಇದೇ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿದರೆ ನೀರಾಗುತ್ತದೆ. ಆದರೆ -9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಅದರ ಕೆಲಸ ನಿಧಾನವಾಗುವುದರಿಂದ ರಸ್ತೆಯವರು ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಗಳನ್ನೂ ಬಳಸುತ್ತಾರೆ. ಇವೆರಡಕ್ಕೆ ಶೇ. 30ರ ಆಸುಪಾಸಿನ ಆರ್ದ್ರತೆಯೇ ಸಾಕು. ಸಾಣಿಕಟ್ಟಾದ ಉಪ್ಪನ್ನು ಮಳೆಗಾಲದಲ್ಲಿ ನೀರಾಗಿಸುತ್ತಿದ್ದುದರಲ್ಲಿ ಅದರೊಳಗಿನ ಮೆಗ್ನೀಸಿಯಂ ಲವಣಗಳ ಪಾಲು ದೊಡ್ಡದು.

ಆದ್ದರಿಂದ ಕಾರು ಒಣಗಿ ಬಿಳಿಬಿಳಿಯಾಗಿ ಕಂಡರೂ ಸಂದುಗೊಂದುಗಳಲ್ಲಿ ಅದು ಒದ್ದೆಯಾಗಿಯೇ ಇರುತ್ತದೆ. ಇನ್ನೊಂದು ಸಂಗತಿ, ಬಿಸಿ ಏರಿದಂತೆ ತುಕ್ಕಿನ ವೇಗವೂ ಏರುತ್ತದೆ. ಜನವರಿಯ ಕೊರೆಯುವ ಚಳಿಗಿಂತ ಮಾರ್ಚ್, ಏಪ್ರಿಲ್‌ನ ಹಿತವಾದ ದಿನಗಳು ಉಪ್ಪು ಮೆತ್ತಿದ ಕಾರಿಗೆ ಹೆಚ್ಚು ಅಪಾಯದವು. ಉಪ್ಪು ಮೆತ್ತಿದ ಕಾರನ್ನು ಪ್ರೀತಿಯಿಂದ ಹೀಟರ್ ಇರುವ ಗ್ಯಾರೇಜಿನಲ್ಲಿ ನಿಲ್ಲಿಸುವುದು ಅದಕ್ಕೆ ಮಾಡುವ ಉಪಕಾರವಲ್ಲ. ತೊಳೆಯದ ಕಾರು ಹೊರಗಿನ ಚಳಿಯಲ್ಲೇ ಇರಲಿ.

ಮೊದಲು ಕೆಳಗೆ ನೋಡಿ

ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಒಂದು ಒಣ ದಿನ ಆರಿಸಿಕೊಳ್ಳಿ. ಕಾರನ್ನು ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ರ‍್ಯಾಂಪ್ ಹತ್ತಿಸಿ, ಕೆಳಗೆ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಜಾಕ್ ಬಳಸುವುದಾದರೆ ಕಾರಿನ ಭಾರ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಲಿ. ಬರಿಯ ಜಾಕ್ ಎತ್ತಿ ಹಿಡಿದಿರುವ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ. ಇದೊಂದರಲ್ಲಿ ಯಾರ ಮಾತೂ ಕೇಳಬೇಡಿ.

ಟಾರ್ಚ್ ಹಿಡಿದು ನೋಡಬೇಕಾದ ಜಾಗಗಳು: ಹಿಂದಿನ ಚಕ್ರಗಳ ಕಮಾನಿನ ಒಳಅಂಚು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಹೊಸ್ತಿಲು ಪಟ್ಟಿ, ಜಾಕ್ ಕೊಡುವ ಜಾಗ, ಹಿಂದಿನ ಅಡ್ಡತೊಲೆ, ಸ್ಪ್ರಿಂಗ್ ಕೂರುವ ಬಟ್ಟಲು, ಪೆಟ್ರೋಲ್ ತುಂಬುವ ಕೊಳವೆ, ಬ್ರೇಕ್ ಪೈಪುಗಳು. ಕಮಾನಿನ ಒಳಅಂಚಿಗೆ ಬೆರಳು ಹಾಕಿದರೆ ಒಂದು ಹಿಡಿ ಮಣ್ಣು ಬಂದರೂ ಆಶ್ಚರ್ಯವಿಲ್ಲ. ಗಾಯಕ್ಕೆ ಕಟ್ಟಿದ ಒದ್ದೆ ಪಟ್ಟಿಯಂತೆ ಆ ಮಣ್ಣು ಉಪ್ಪನ್ನೂ ತೇವವನ್ನೂ ತಿಂಗಳುಗಟ್ಟಲೆ ತಗಡಿಗೆ ಒತ್ತಿ ಹಿಡಿದಿರುತ್ತದೆ. ಅದನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಬಾಗಿಲುಗಳ ಮತ್ತು ಹೊಸ್ತಿಲು ಪಟ್ಟಿಯ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡಿದ್ದರೆ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ.

ತುಕ್ಕು ಕಂಡರೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದರೆ ಲೋಹ ಉಳಿದಿದೆ. ದಬ್ ಎಂದು ಮಂದವಾಗಿ ಕೇಳಿದರೆ, ಪದರುಪದರಾಗಿ ಉದುರಿದರೆ, ಮುಂದಿನ ಮಾತು ಬಲ್ಲ ಮೆಕ್ಯಾನಿಕ್‌ನೊಂದಿಗೆ. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್‌ನಿಂದ ಸಡಿಲವಾದದ್ದನ್ನು ಉಜ್ಜಿ ತೆಗೆದು, ತುಕ್ಕನ್ನು ಮಾರ್ಪಡಿಸುವ ದ್ರಾವಣ ಹಚ್ಚಬಹುದು. ಅಂಥ ಹಲವು ದ್ರಾವಣಗಳಲ್ಲಿ ಟ್ಯಾನಿಕ್ ಆಮ್ಲವಿರುತ್ತದೆ. ಅದು ತುಕ್ಕಿನೊಂದಿಗೆ ಸೇರಿ ಕಪ್ಪನೆಯ ಗಟ್ಟಿ ಪದರವಾಗುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದೂ, ಅಳಲೆಕಾಯಿ ಮತ್ತು ಅನ್ನಭೇದಿಯಿಂದ (ಇದೊಂದು ಕಬ್ಬಿಣದ ಲವಣ) ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನ ಕ್ರಿಯೆಯಿಂದ.

ಬ್ರೇಕ್ ಪೈಪಿನ ವಿಷಯದಲ್ಲಿ ಮಾತ್ರ ಉಜ್ಜುವುದು, ಹಚ್ಚುವುದು ಎಂದು ಕಾಲ ಕಳೆಯಬೇಡಿ. ಪೈಪಿನ ಮೇಲೆ ಹೊಪ್ಪಳೆ ಎದ್ದಿದ್ದರೆ ಬದಲಾಯಿಸಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೇ 2015ರಲ್ಲಿ, ಉಪ್ಪಿನ ರಾಜ್ಯಗಳಲ್ಲಿ ಓಡಿದ ಹಳೆಯ ವಾಹನಗಳ ಬ್ರೇಕ್ ಪೈಪುಗಳನ್ನು ಪರೀಕ್ಷಿಸಿ, ಚಳಿಗಾಲದುದ್ದಕ್ಕೂ ತಳ ತೊಳೆಯಿರಿ ಎಂದು ಎಚ್ಚರಿಸಿತ್ತು. ಬದಲಾಯಿಸುವಾಗ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪು ಹಾಕಿ ಎಂದು ಕೇಳಿ. ವೋಲ್ವೊ ಕಂಪನಿ 1976ರಿಂದಲೇ ತನ್ನ ಕಾರುಗಳಿಗೆ ಇದನ್ನು ಹಾಕುತ್ತ ಬಂದಿದೆ. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲಿ ಬಾಗಿಸಲೂ ಸುಲಭ.

ಯಾವ ಲೇಪ? ಡಬ್ಬಿಯೊಳಗೆ ಪರೀಕ್ಷಿಸಿ

ಅಂಗಡಿಯ ಕಪಾಟಿನಲ್ಲಿ ಹತ್ತಾರು ಡಬ್ಬಿಗಳಿವೆ. ಪ್ರತಿಯೊಂದೂ ತುಕ್ಕು ಬಾರದಂತೆ ಮಾಡುತ್ತೇನೆ ಎನ್ನುತ್ತದೆ. ಸ್ನೇಹಿತರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ನಾನು ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಿದೆ, ನೀವೂ ನೋಡಬಹುದು. ಪ್ರಯೋಗಾಲಯಗಳಲ್ಲಿ ಉಪ್ಪಿನ ಮಂಜಿನ ಪರೀಕ್ಷೆ ಎಂಬುದೊಂದಿದೆ. ಶೇ. 5ರ ಉಪ್ಪುನೀರನ್ನು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲೋಹದ ಮೇಲೆ ಸಿಂಪಡಿಸುತ್ತ ಹೋಗುತ್ತಾರೆ. ಮನೆಯಲ್ಲಿ ಅದರ ಬಡ ರೂಪ ಸಾಕು.

ಹಾರ್ಡ್‌ವೇರ್ ಅಂಗಡಿಯಿಂದ ಸತು ಲೇಪವಿಲ್ಲದ ಮಾಮೂಲಿ ಉಕ್ಕಿನ ಪಟ್ಟಿ ತಂದು, ಅಂಗೈಯುದ್ದದ ಐದು ತುಂಡು ಮಾಡಿಸಿ. ಸ್ಪಿರಿಟ್‌ನಿಂದ ಒರೆಸಿ ಜಿಡ್ಡು ತೆಗೆಯಿರಿ. ಒಂದನ್ನು ಹಾಗೆಯೇ ಬಿಡಿ. ಉಳಿದವಕ್ಕೆ ನೀವು ಆಲೋಚಿಸುತ್ತಿರುವ ನಾಲ್ಕು ಲೇಪ ಹಚ್ಚಿ, ಒಣಗಲು ಎರಡು ದಿನ ಕೊಡಿ. ಆಮೇಲೆ ಪ್ರತಿಯೊಂದರ ಮೇಲೂ ಮೊಳೆಯಿಂದ ಲೋಹ ಕಾಣುವಷ್ಟು ಆಳದ ಒಂದು ಗೆರೆ ಎಳೆಯಿರಿ. ಈ ಗೆರೆಯೇ ಪರೀಕ್ಷೆಯ ಜೀವಾಳ, ಏಕೆಂದರೆ ರಸ್ತೆಯ ಜಲ್ಲಿ ಕಾರಿನ ತಳಕ್ಕೆ ದಿನವೂ ಇಂಥ ಗೆರೆ ಎಳೆಯುತ್ತದೆ. 950 ಮಿಲಿಲೀಟರ್ ನೀರಿಗೆ 50 ಗ್ರಾಂ ಉಪ್ಪು ಕಲಸಿ ಸ್ಪ್ರೇ ಬಾಟಲಿಗೆ ತುಂಬಿ, ಬೆಳಿಗ್ಗೆ ಸಂಜೆ ಸಿಂಪಡಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ವಾರ ಇಡಿ.

ನಾನು ಕಂಡದ್ದು ಹೀಗೆ. ಏನೂ ಹಚ್ಚದ ಪಟ್ಟಿ ಮಾರನೆಯ ದಿನವೇ ಕೆಂಪಾಯಿತು. ಕಪ್ಪು ರಬ್ಬರ್‌ನಂಥ ಗಟ್ಟಿ ಲೇಪ ಹಚ್ಚಿದ್ದು ಮೂರು ವಾರದ ನಂತರವೂ ಹೊಸದರಂತೆ ಹೊಳೆಯುತ್ತಿತ್ತು. ಆದರೆ ಗೆರೆಯ ಅಂಚಿಗೆ ಉಗುರು ಹಾಕಿದರೆ ಲೇಪ ಹಾಳೆಯಂತೆ ಎದ್ದುಬಂತು, ಅಡಿಯಲ್ಲೆಲ್ಲ ತುಕ್ಕು ಹರಿದಾಡಿತ್ತು. ಕಾರಿನಲ್ಲಿ ಇದು ಇನ್ನೂ ಕೆಟ್ಟದ್ದು. ಮೇಲೆ ಅಂದವಾಗಿ ಕಾಣುತ್ತದೆ, ಒಳಗೆ ತಗಡು ಕರಗುತ್ತಿರುತ್ತದೆ. ಇಂಜಿನ್ ಎಣ್ಣೆ ಕೆಲವೇ ದಿನಗಳಲ್ಲಿ ತೊಳೆದುಹೋಯಿತು. ಬಳಸಿ ತೆಗೆದ ಹಳೆಯ ಇಂಜಿನ್ ಎಣ್ಣೆಯನ್ನು ತಳಕ್ಕೆ ಬಳಿಯುವ ರೂಢಿ ಇಲ್ಲಿನ ಹಳ್ಳಿಗಳ ಕಡೆ ಇದೆ, ದಯವಿಟ್ಟು ಅದನ್ನು ಮಾಡಬೇಡಿ. ಅದರಲ್ಲಿ ವಿಷಕಾರಿ ಕಲ್ಮಷಗಳಿವೆ, ಮಳೆಗೆ ತೊಳೆದು ನೆಲಕ್ಕೆ, ಹಳ್ಳಕ್ಕೆ ಇಳಿಯುತ್ತದೆ. ಮೇಣದ ಲೇಪ ಚೆನ್ನಾಗಿಯೇ ನಿಂತಿತು, ಗೆರೆಯಲ್ಲಿ ಮಾತ್ರ ಸೋತಿತು.

ಗೆದ್ದದ್ದು ಲ್ಯಾನೊಲಿನ್ ಲೇಪ. ಕುರಿಯ ಉಣ್ಣೆ ಮಳೆಯಲ್ಲಿ ನೆನೆಯದಂತೆ ಕಾಯುವ ಜಿಡ್ಡು ಇದು. ಉಣ್ಣೆ ತೊಳೆಯುವಾಗ ಅದನ್ನು ಬೇರ್ಪಡಿಸುತ್ತಾರೆ. ಅದು ಎಂದೂ ಪೂರ್ತಿ ಒಣಗುವುದಿಲ್ಲ. ಮೆತ್ತಗಿರುವುದರಿಂದ ಗೀರು ಬಿದ್ದ ಜಾಗಕ್ಕೆ ಮೆಲ್ಲಗೆ ಹರಿದು ತಾನೇ ಮುಚ್ಚಿಕೊಳ್ಳುತ್ತದೆ. ನೋಡಲು ಅಂದವಿಲ್ಲ, ಮುಟ್ಟಿದರೆ ಕೈಗೆ ಅಂಟುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಆದರೂ ನನ್ನ ಮತ ಅದಕ್ಕೇ. ಒಣಗದ ಜಿಡ್ಡಿನ ಗುಣ ಕಡಲ ಜನರಿಗೆ ಹೊಸದಲ್ಲ. ನಮ್ಮ ಕರಾವಳಿಯ ದೋಣಿಗಳಿಗೆ ಮೀನೆಣ್ಣೆ ಬಳಿಯುತ್ತಿದ್ದರು. ರಸ್ಟ್-ಓಲಿಯಂ ಎಂಬ ಅಮೆರಿಕದ ಬಣ್ಣದ ಕಂಪನಿ 1921ರಲ್ಲಿ ಹುಟ್ಟಿದ್ದೂ ಹಡಗಿನ ಕಪ್ತಾನನೊಬ್ಬ, ತುಕ್ಕು ಹಿಡಿದ ಡೆಕ್ಕಿನ ಮೇಲೆ ಮೀನೆಣ್ಣೆ ಚೆಲ್ಲಿದ ಜಾಗದಲ್ಲಿ ತುಕ್ಕು ನಿಂತುದನ್ನು ಗಮನಿಸಿದ್ದರಿಂದ.

ಆಯುಧಪೂಜೆಯ ಎಣ್ಣೆ

ಲೇಪ ಹಚ್ಚಲು ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮಿಷಿಗನ್‌ನಲ್ಲಿ ಉಪ್ಪಿನ ಲಾರಿಗಳು ಸಾಮಾನ್ಯವಾಗಿ ನವೆಂಬರ್‌ನಲ್ಲಿ ರಸ್ತೆಗೆ ಇಳಿಯುತ್ತವೆ. ಆಯುಧಪೂಜೆ ಬರುವುದು ಸರಿಯಾಗಿ ಅದಕ್ಕೆ ಮುಂಚೆ. ಊರಿನಲ್ಲಿ ಅಂದು ಗಾಡಿ ತೊಳೆದು ಹೂವು ಮುಡಿಸುತ್ತೇವೆ. ಇಲ್ಲಿ ನಾನು ಅದೇ ವಾರ ಕಾರಿನ ತಳಕ್ಕೆ ಜಿಡ್ಡು ಹಚ್ಚುತ್ತೇನೆ. ದಿನ ನೆನಪಿಡುವ ಗೊಡವೆಯೇ ಇಲ್ಲ.

ಎರಡು ದಿನ ಮುಂಚೆ ತಳವನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಲು ಬಿಡಿ. ಒದ್ದೆಯ ಮೇಲೆ ಲೇಪ ಹಚ್ಚಿದರೆ ಶತ್ರುವನ್ನು ಒಳಗೆ ಕೂಡಿಹಾಕಿ ಬಾಗಿಲು ಹಾಕಿದಂತೆ. ಇಂಜಿನ್, ಸೈಲೆನ್ಸರ್ ತಣ್ಣಗಿರಬೇಕು, ಕಾರು ನಿಲ್ಲಿಸಿ ಕನಿಷ್ಠ ಎರಡು ಮೂರು ಗಂಟೆ ಕಳೆದಿರಲಿ. ಸ್ಪ್ರೇ ಡಬ್ಬಿಯ ಅನಿಲ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಗ್ಯಾರೇಜಿನ ಬಾಗಿಲು ತೆರೆದಿರಲಿ, ಹತ್ತಿರ ಹೀಟರ್ ಇರದಿರಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಹಳೆಯ ಬಟ್ಟೆ, ನೆಲಕ್ಕೆ ರಟ್ಟು ಬೇಕು.

ಬ್ರೇಕ್ ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ಕಟ್ಟಿ. ಡಿಸ್ಕ್, ಪ್ಯಾಡ್, ಸೈಲೆನ್ಸರ್ ಪೈಪು, ಸೆನ್ಸರ್‌ಗಳು, ಬೆಲ್ಟ್‌ಗಳ ಮೇಲೆ ಒಂದು ಹನಿಯೂ ಬೀಳಬಾರದು. ಜಿಡ್ಡು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಹಾಗಾಗಿ ರಬ್ಬರ್ ಬುಷ್‌ಗಳಿಗೆ ಎರಚಬೇಡಿ, ಬಿದ್ದರೆ ಒರೆಸಿ. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಹೋಗದಿರಿ. ಬ್ಯಾಟರಿಯ ಪೆಟ್ಟಿಗೆಗೂ ಇದರ ಅಗತ್ಯವಿಲ್ಲ.

ಒಂದು ಸಾಧಾರಣ ಕಾರಿಗೆ 3ರಿಂದ 4 ಲೀಟರ್ ಬೇಕಾಗುತ್ತದೆ. ಏರ್ ಕಂಪ್ರೆಸರ್ ಇದ್ದರೆ ಗನ್ ಬಳಸಿ, ಇಲ್ಲದಿದ್ದರೆ ಸ್ಪ್ರೇ ಡಬ್ಬಿಗಳೂ ಅಗಲವಾದ ಬ್ರಷ್ಷೂ ಸಾಕು. ಹೆಚ್ಚಿನವರು ಕಣ್ಣಿಗೆ ಕಾಣುವ ತಳಕ್ಕೆ ಬಳಿದು ಮುಗಿಯಿತೆನ್ನುತ್ತಾರೆ. ಕಾರು ಸಾಯುವುದು ಒಳಗಿನಿಂದ. ಹೊಸ್ತಿಲು ಪಟ್ಟಿ, ಬಾಗಿಲುಗಳ ಒಳಭಾಗ, ಪೆಟ್ಟಿಗೆಯಂತಿರುವ ಚಾಸಿ ತೊಲೆಗಳು, ಡಿಕ್ಕಿಯ ಮುಚ್ಚಳದ ಅಂಚಿನ ಮಡಿಕೆ, ಇವುಗಳೊಳಗೆ ಜಿಡ್ಡು ಹೋಗಬೇಕು. ಅದಕ್ಕೆ ಸುತ್ತಲೂ ಸಿಂಪಡಿಸುವ ತುದಿಯಿರುವ ಉದ್ದನೆಯ ತೆಳು ಕೊಳವೆ ಸಿಗುತ್ತದೆ. ರಬ್ಬರ್ ಬಿರಡೆ ತೆಗೆದು ಕೊಳವೆಯನ್ನು ಪೂರ್ತಿ ಒಳಗೆ ತೂರಿಸಿ, ಸಿಂಪಡಿಸುತ್ತ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಅಡಿಯ ತೂತಿನಿಂದ ಜಿಡ್ಡು ತೊಟ್ಟಿಕ್ಕಿದರೆ ಒಳಗೆ ತುಂಬಿದೆ ಎಂದರ್ಥ. ಕೊನೆಗೆ ಆ ತೂತುಗಳು ಮುಚ್ಚಿಹೋಗಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಇಂದಿನ ಕಾರುಗಳ ಮೈತಗಡಿಗೆ ಸತುವಿನ ಲೇಪವಿರುತ್ತದೆ, ನಿಜ. ಪೋರ್ಷೆ 1970ರ ದಶಕದಲ್ಲೂ ಔಡಿ 1980ರ ದಶಕದಲ್ಲೂ ಇಡೀ ಮೈಗೆ ಸತು ಲೇಪ ಕೊಡತೊಡಗಿದ ಮೇಲೆ ಬೇರೆಯವರೂ ಆ ದಾರಿ ಹಿಡಿದರು. ಆದರೆ ಹಲವು ಕಾರುಗಳ ಚಾಸಿ, ಅಡ್ಡತೊಲೆ, ಪೈಪುಗಳಿಗೆ ಆ ಭಾಗ್ಯವಿಲ್ಲ. ಟೊಯೊಟಾ ತನ್ನ ಪಿಕಪ್ ಲಾರಿಗಳ ತುಕ್ಕು ಹಿಡಿದ ಚಾಸಿಗಳ ವಿಷಯದಲ್ಲಿ 2016ರಲ್ಲಿ ಒಪ್ಪಿಕೊಂಡ ಪರಿಹಾರದ ಅಂದಾಜು ಮೌಲ್ಯ 340 ಕೋಟಿ ಡಾಲರ್‌ವರೆಗೆ ಇತ್ತು.

ಚಳಿಗಾಲದ ಜಳಕ: ಪೈಪಿನ ಬಂಡಿ

ಈಗ ನಾನು ಹೆಚ್ಚು ಅಕ್ಕರೆಯಿಂದ ಹೇಳಬಯಸುವ ಭಾಗ. ಲೇಪ ಎಷ್ಟೇ ಒಳ್ಳೆಯದಾದರೂ ಉಪ್ಪು ತೆಗೆಯುವ ಕೆಲಸ ತಪ್ಪದು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ತಳ ತೊಳೆಯುವ ಸೌಲಭ್ಯವಿರುವ ಕಾರ್ ವಾಷ್ ಇದೆ. ಹದಿನೈದು ದಿನಕ್ಕೊಮ್ಮೆ ಹೋಗಿ. ಕೆಲವು ಕಡೆ ಬಳಸಿದ ನೀರನ್ನೇ ಸೋಸಿ ಮತ್ತೆ ಬಳಸುತ್ತಾರೆ, ಕೊನೆಯ ಸುತ್ತಿಗೆ ಹೊಸ ನೀರು ಬಿಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಕೈಗನ್ ಇರುವ ಸ್ವಯಂಸೇವೆಯ ಜಾಗವಾದರೆ ಮಂಡಿಯೂರಿ ಕಮಾನುಗಳ ಒಳಗೆ, ಹೊಸ್ತಿಲು ಪಟ್ಟಿಯ ಹಿಂದೆ ಹೊಡೆಯಿರಿ. ಚಕ್ರದ ಬೇರಿಂಗ್, ರಬ್ಬರ್ ಬೂಟು, ತಂತಿಯ ಕನೆಕ್ಟರ್‌ಗಳಿಗೆ ಹತ್ತಿರದಿಂದ ಜೋರಾಗಿ ಹೊಡೆಯಬೇಡಿ.

ಮನೆ, ಡ್ರೈವ್‌ವೇ ಇರುವವರು ಹೀಗೊಂದು ಬಂಡಿ ಮಾಡಿಕೊಳ್ಳಬಹುದು. ಅರ್ಧ ಇಂಚಿನ ಪಿವಿಸಿ ಪೈಪನ್ನು 60 ಸೆಂಟಿಮೀಟರಿನ ಎರಡು ತುಂಡು ಮಾಡಿ, ನಡುವೆ ಟಿ ಜೋಡಣೆ ಹಾಕಿ, ಎರಡೂ ತುದಿ ಮುಚ್ಚಿ. ಟಿಯ ಮೂರನೆಯ ಬಾಯಿಗೆ ಎರಡು ಮೀಟರ್ ಉದ್ದದ ಪೈಪು ಅಂಟಿಸಿದರೆ ಅದೇ ಹಿಡಿ, ಅದರ ತುದಿಗೆ ಹೋಸ್ ಪೈಪಿನ ಜೋಡಣೆ. ಅಡ್ಡಪೈಪಿನ ಮೇಲ್ಭಾಗದಲ್ಲಿ 8 ಸೆಂಟಿಮೀಟರಿಗೊಂದರಂತೆ 1.5 ಮಿಲಿಮೀಟರಿನ 14 ತೂತು ಕೊರೆಯಿರಿ. ಎಲ್ಲವನ್ನೂ ನೇರ ಮೇಲಕ್ಕೆ ಕೊರೆದದ್ದು ನಾನು ಮೊದಲು ಮಾಡಿದ ತಪ್ಪು. ಆಗ ಅಡ್ಡತೊಲೆಗಳ ಅಡಿಗೆ ಮಾತ್ರ ನೀರು ತಾಗಿ, ಬೆನ್ನು ಒಣಗಿಯೇ ಉಳಿಯಿತು. ಒಂದು ನೇರಕ್ಕೆ, ಒಂದು ಮುಂದಕ್ಕೆ ಓರೆ, ಒಂದು ಹಿಂದಕ್ಕೆ ಓರೆ, ಹೀಗೆ ಕೊರೆಯಿರಿ. ತುದಿಯ ಎರಡು ತೂತು ಪಕ್ಕಕ್ಕೆ ಇರಲಿ, ಹೊಸ್ತಿಲು ಪಟ್ಟಿಯ ಒಳಗೋಡೆಗೆ ತಾಗುತ್ತದೆ. ಅಡಿಗೆ ನಾಲ್ಕು ಪುಟ್ಟ ಗಾಲಿ ಕಟ್ಟಿ. ತೂತುಗಳು ದೊಡ್ಡದಾದರೆ ನೀರಿನ ಒತ್ತಡ ಸೋರಿಹೋಗುತ್ತದೆ, ಮನೆಯ ನಲ್ಲಿಯ ಒತ್ತಡಕ್ಕೆ ಈ ಅಳತೆ ಸರಿಹೊಂದಿದೆ.

ನೀರು ಎಲ್ಲಿಂದ? ನವೆಂಬರ್‌ನಲ್ಲಿ ಹೊರಗಿನ ನಲ್ಲಿಗಳನ್ನು ಬಂದ್ ಮಾಡಿರುತ್ತೇವೆ, ಇಲ್ಲದಿದ್ದರೆ ಪೈಪು ಒಡೆಯುತ್ತದೆ. ಹಾಗಾಗಿ ಬಟ್ಟೆ ಒಗೆಯುವ ಕೋಣೆಯ ನಲ್ಲಿಗೆ ಹೋಸ್ ಪೈಪು ಸಿಕ್ಕಿಸಿ ಹೊರಗೆ ತರುತ್ತೇನೆ. ಉಗುರುಬೆಚ್ಚಗಿನ ನೀರಾದರೆ ಒಳ್ಳೆಯದು, ಬಿಸಿ ಬೇಡ, ಪಿವಿಸಿ ಮೆತ್ತಗಾಗುತ್ತದೆ. ಹೊರಗಿನ ಶಾಖ 5 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನವೇ ತೊಳೆಯಬೇಕು. ಜನವರಿಯಲ್ಲೂ ಅಂಥ ಒಂದೆರಡು ದಿನ ಸಿಗುತ್ತದೆ, ಹವಾಮಾನ ವರದಿ ನೋಡುತ್ತಿರಿ. ಅದಕ್ಕಿಂತ ಚಳಿಯಲ್ಲಿ ತೊಳೆದರೆ ಅಂಗಳ ಮಂಜುಗಡ್ಡೆಯಾಗಿ ಅಂಚೆಯವರು ಜಾರಿ ಬೀಳುತ್ತಾರೆ, ಬಾಗಿಲುಗಳೂ ಅಂಟಿಕೊಳ್ಳುತ್ತವೆ. ನೀರು ಕಾಲುದಾರಿಗೆ ಹರಿಯದಂತೆ ನೋಡಿಕೊಳ್ಳಿ. ಮನೆಯಂಗಳದಲ್ಲಿ ಕಾರು ತೊಳೆಯುವ ಬಗ್ಗೆ ನಿಮ್ಮ ಊರಿನ ನಿಯಮವೇನೆಂದು ಮೊದಲೇ ವಿಚಾರಿಸಿ. ತೊಳೆದ ಮೇಲೆ ಬಾಗಿಲಿನ ರಬ್ಬರ್ ಪಟ್ಟಿಗಳನ್ನು ಒರೆಸಿ. ಬಂಡಿಯ ನೀರು ಬಸಿದು ಒಳಗಿಡಿ, ಚಳಿಗೆ ಪಿವಿಸಿ ಗಾಜಿನಂತೆ ಒಡೆಯುತ್ತದೆ.

ಎಷ್ಟು ಹೊತ್ತು ತೊಳೆಯಬೇಕು? ಇಲ್ಲಿಯೇ ಟಿಡಿಎಸ್ ಮೀಟರ್ ಕೆಲಸಕ್ಕೆ ಬರುವುದು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆಯೆಂದು ಅದು ನೀರಿನ ವಿದ್ಯುತ್ ವಾಹಕತೆಯಿಂದ ಹೇಳುತ್ತದೆ. ತುಕ್ಕಿಗೆ ದಾರಿ ಮಾಡಿಕೊಡುವ ಗುಣವೂ ಅದೇ. ಹಾಗಾಗಿ ನಾವು ಅಳೆಯಬೇಕಾದದ್ದನ್ನೇ ಇದು ಅಳೆಯುತ್ತದೆ. ಮೊದಲು ನಲ್ಲಿಯ ನೀರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಒಂದು ಕೋಲಿಗೆ ಚಮಚ ಕಟ್ಟಿ, ಹಿಂದಿನ ಕಮಾನು, ಹೊಸ್ತಿಲು ಪಟ್ಟಿಯ ತೂತು, ಹಿಂದಿನ ಅಡ್ಡತೊಲೆ, ಈ ಮೂರು ಕಡೆಯಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ. ಮೊದಲ ಚಮಚಕ್ಕೆ ಮೀಟರ್ ತನ್ನ ಅಳತೆಯನ್ನೇ ಮೀರಿದರೂ ಗಾಬರಿಯಾಗಬೇಡಿ. ತೊಳೆದಂತೆ ಸಂಖ್ಯೆ ಇಳಿಯುತ್ತದೆ. ನಲ್ಲಿ ನೀರಿನ ಎರಡರಷ್ಟಕ್ಕಿಂತ ಕೆಳಗೆ ಬಂದಾಗ ನಿಲ್ಲಿಸುತ್ತೇನೆ. ನಾಲ್ಕು ನಿಮಿಷ ಸಾಕು ಎಂದುಕೊಂಡಿದ್ದ ನನಗೆ ಹತ್ತು ನಿಮಿಷ ಬೇಕೆಂದು ಕಲಿಸಿದ್ದು ಆ ಮೀಟರ್. ಎಡ ಹಿಂದಿನ ಕಮಾನಿನ ಸಂಖ್ಯೆ ಎಷ್ಟು ತೊಳೆದರೂ ಇಳಿಯದಿದ್ದಾಗ, ಅಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಮಣ್ಣು ಕೂತಿರುವುದೂ ಹಾಗೆಯೇ ಗೊತ್ತಾಯಿತು.

ಕಾಲಿನಲ್ಲಿ ಬರುವ ಉಪ್ಪು

ಬೂಟಿಗೆ ಅಂಟಿದ ಹಿಮ ಒಳಗೆ ಕರಗಿ ಕಾರ್ಪೆಟ್ಟಿನ ಅಡಿಯ ಹತ್ತಿಗೆ ಇಳಿದರೆ ಬೇಸಿಗೆಯವರೆಗೂ ಒಣಗುವುದಿಲ್ಲ, ನೆಲದ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನವೆಂಬರ್‌ನಿಂದ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ, ವಾರಕ್ಕೊಮ್ಮೆ ಹೊರಗೆ ಚೆಲ್ಲಿ.

ಬ್ಯಾಟರಿಗೆ ಸಿಕ್ಕಿಸುವ ಪೆಟ್ಟಿಗೆ

ಕಾರಿನ ಬ್ಯಾಟರಿಗೆ ಸಿಕ್ಕಿಸಿದರೆ ತುಕ್ಕೇ ಬಾರದು ಎನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಮಾರಾಟಕ್ಕಿವೆ. ಅದರ ಹಿಂದಿರುವ ತತ್ವ ಸುಳ್ಳಲ್ಲ. 1824ರಲ್ಲಿ ಹಂಫ್ರಿ ಡೇವಿ, ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಆ ತುಂಡು ತಾನು ಸವೆದು ತಾಮ್ರವನ್ನು ಉಳಿಸುತ್ತದೆಂದು ತೋರಿಸಿದರು. ತಾಮ್ರ ಸವೆಯುವುದು ನಿಂತಿತು. ಆದರೆ ಕರಗುವ ತಾಮ್ರದ ವಿಷವಿಲ್ಲದೆ ಕಡಲ ಚಿಪ್ಪುಜೀವಿಗಳು ಹಡಗಿನ ತಳಕ್ಕೆ ಅಂಟಿಕೊಂಡು ವೇಗ ಕುಂದಿತು, ನೌಕಾಪಡೆ ಅದನ್ನು ಕೈಬಿಟ್ಟಿತು. ಇಂದು ಹಡಗುಗಳಲ್ಲೂ ನೆಲದಡಿಯ ಕೊಳವೆಗಳಲ್ಲೂ ಅದೇ ತತ್ವ ಯಶಸ್ವಿಯಾಗಿದೆ, ಏಕೆಂದರೆ ಅವು ಸದಾ ನೀರಿನಲ್ಲಿ ಅಥವಾ ಒದ್ದೆ ಮಣ್ಣಿನಲ್ಲಿ ಮುಳುಗಿರುತ್ತವೆ. ವಿದ್ಯುತ್ತಿನ ಸುತ್ತು ಪೂರ್ಣವಾಗಲು ಆ ಒದ್ದೆ ಬೇಕೇಬೇಕು. ಗಾಳಿಯಲ್ಲಿ ಓಡುವ ಕಾರಿನ ಮೇಲೆ ಇರುವುದು ಅಲ್ಲಲ್ಲಿ ಬಿಡಿಬಿಡಿ ಹನಿಗಳು. ಆ ಹಣದಲ್ಲಿ ಲ್ಯಾನೊಲಿನ್ ಕೊಳ್ಳಿ.

ಮಂಗಳೂರು, ಮಲ್ಪೆ, ಕಾರವಾರದಲ್ಲಿ ಕಡಲಿಗೆ ಹತ್ತಿರ ಮನೆಯಿರುವವರೂ ಇದನ್ನು ಹೀಗೆಯೇ ಬಳಸಬಹುದು. ಅಲ್ಲಿ ಉಪ್ಪು ಗಾಳಿಯಲ್ಲಿ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಲೇಪ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತಳದ ಜಳಕ.

ಯುಗಾದಿಯ ಸ್ನಾನ

ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ರಸ್ತೆಗೆ ಉಪ್ಪು ಬೀಳುವುದು ನಿಲ್ಲುತ್ತದೆ. ಒಂದೆರಡು ಜೋರು ಮಳೆ ಬಂದು ರಸ್ತೆ ತೊಳೆದ ಕೂಡಲೇ ವರ್ಷದ ದೊಡ್ಡ ಸ್ನಾನ ಆಗಬೇಕು, ತಡಮಾಡಿದಷ್ಟೂ ಬಿಸಿಲು ಏರಿ ತುಕ್ಕು ಚುರುಕಾಗುತ್ತದೆ. ಮ್ಯಾಟ್‌ಗಳನ್ನು ಹೊರಗೆ ತೆಗೆಯಿರಿ. ಚಕ್ರದ ಕಮಾನಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಹಿಂದಿನ ಮಣ್ಣು ತೆಗೆಯಿರಿ. ಬಂಡಿಯನ್ನು ಮುಂದಿನಿಂದ ಹಿಂದಕ್ಕೆ, ಪಕ್ಕದಿಂದ ಪಕ್ಕಕ್ಕೆ ಎರಡೆರಡು ಬಾರಿ ಓಡಿಸಿ. ಬಾಗಿಲುಗಳ ಅಡಿಯ ತೂತಿಗೆ ನೀರು ಬಿಟ್ಟು ಸರಾಗವಾಗಿ ಇಳಿಯುತ್ತದೆಯೇ ನೋಡಿ. ನಂತರ ಎಲ್ಲ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ, ಸಂಜೆ ಟಾರ್ಚ್ ಹಿಡಿದು ಬ್ರೇಕ್ ಪೈಪುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಿನಲ್ಲೇ ಹಿಂಬಾಲಿಸಿ. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟರೆ ಮುಂದಿನ ವರ್ಷ ಹೋಲಿಸಿ ನೋಡಲು ಅನುಕೂಲ.

ಈ ವರ್ಷ ಚಮಚ ಹಿಡಿದವಳು ಮಗಳು. ಅವಳಿಗೀಗ ಹತ್ತು ವರ್ಷ. ಎಡ ಹಿಂದಿನ ಕಮಾನಿನ ಕೊನೆಯ ಚಮಚಕ್ಕೆ ಮೀಟರ್ 190 ತೋರಿಸಿತು, ನಲ್ಲಿಯ ನೀರು 160 ಇತ್ತು. ಎರಡೂ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಒಳಗೆ ಹೋಗಿ ನಲ್ಲಿ ನಿಲ್ಲಿಸಿ ಬಂದಳು.